ಮಿಯಾರಿನ ಕೆಸರುಶಾಲೆ

ಕೆಸರು ಕನ್ನಡ ನಾಡಿಗೆ ಹೊಸತಲ್ಲ. ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯ ಮಗ್ಗುಲಿಗಿರುವ ಮುಳ್ಳೂರಿನಂಥ ಊರುಗಳಲ್ಲಿ ನಾಟಿಯ ದಿನಗಳು ಬಂದುವೆಂದರೆ ಬೇಸಾಯಗಾರನ ಕಾಲು ಬೆಳಗಿನಿಂದ ಬೈಗಿನವರೆಗೆ ಕೆಸರಿನಲ್ಲಿಯೇ ಹೂತಿರುತ್ತದೆ. ಆದರೆ ಅದು ದುಡಿಮೆಯ ಕೆಸರು. ಪೈರು ತಲೆಯೆತ್ತಿತೆಂದರೆ ಅದರ ನೆನಪೂ ಉಳಿಯುವುದಿಲ್ಲ. ಘಟ್ಟವನ್ನಿಳಿದು ತುಳುನಾಡಿಗೆ ಹೋದವರಿಗೆ ಮಾತ್ರ ಇನ್ನೊಂದು ಬಗೆಯ ಕೆಸರು ಕಾಣಸಿಗುತ್ತದೆ. ಅಲ್ಲಿ ಕೊಯ್ಲು ಮುಗಿದು ಕಣಜ ತುಂಬಿದ ಮೇಲೆ ಜನ ಮತ್ತೆ ನೀರು ಹಾಯಿಸಿ, ಮಣ್ಣನ್ನು ಹದಗೊಳಿಸಿ, ಕೆಸರನ್ನು ಹಬ್ಬಕ್ಕೆಂದೇ ಸಿದ್ಧಪಡಿಸುತ್ತಾರೆ. ಉಳುಮೆಯ ಸಂಗಾತಿಯಾಗಿದ್ದ ಕೋಣಗಳೇ ಅಲ್ಲಿ ಓಟದ ವೀರರು. ಅದೇ ಕಂಬಳ.

ಕಂಬಳದ ಸಂಭ್ರಮವನ್ನು ಕಂಡವರು ಬಹುಮಂದಿ. ಚಿತ್ರಗಳಲ್ಲಿ ನೋಡಿದವರು ಇನ್ನೂ ಹೆಚ್ಚು. ಆದರೆ ಕೋಣಗಳ ಬೆನ್ನ ಹಿಂದೆ, ನೀರಿನ ತೆರೆಯ ನಡುವೆ, ಮುಖವೂ ಸರಿಯಾಗಿ ಕಾಣದಂತೆ ಓಡುವ ಆ ಮನುಷ್ಯ ಯಾರು? ಅವನು ಈ ವಿದ್ಯೆಯನ್ನು ಎಲ್ಲಿ ಕಲಿತ? ಕಾಲು ಸೋತ ಮೇಲೆ ಅವನೇನಾಗುತ್ತಾನೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟವರು ಕಾರ್ಕಳದ ಬಳಿಯ ಮಿಯಾರನ್ನು ತಲಪಬೇಕು.

ಕಾರ್ಕಳ ಕಲ್ಲಿನ ಊರು. ಊರಿನ ಹೆಬ್ಬಂಡೆಯ ಮೇಲೆ 42 ಅಡಿ ಎತ್ತರದ ಬಾಹುಬಲಿ 1432ರಿಂದ ನಿಂತೇ ಇದ್ದಾನೆ. ಅವನ ಎದುರಿನ ಗುಡ್ಡದ ಮೇಲೆ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ಕುಳಿತಿದೆ. ಕದಲದೆ ನಿಲ್ಲುವುದೇ ಪರಮ ಸಾಧನೆಯೆಂದು ಸಾರುವ ಊರು ಇದು. ಇಲ್ಲಿಂದ ಬಜಗೋಳಿಯ ಕಡೆಗೆ ಸಾಗುವ ರಸ್ತೆಯಲ್ಲಿ ಕೆಂಪು ಮುರಕಲ್ಲಿನ ದರೆಗಳೂ ಅಡಕೆಯ ತೋಟಗಳೂ ಗದ್ದೆಯ ಬಯಲುಗಳೂ ಒಂದರ ಹಿಂದೊಂದು ಬರುತ್ತವೆ. ಅಲ್ಲಿಯೇ ಮಿಯಾರು. ನಿಲ್ಲುವುದನ್ನು ಕಲಿಸುವ ಬಾಹುಬಲಿಯ ನೆರೆಯಲ್ಲಿ ಓಡುವುದನ್ನು ಕಲಿಸುವ ಒಂದು ಶಾಲೆ ಹುಟ್ಟಿಕೊಂಡದ್ದು ಸೋಜಿಗವೇ ಸರಿ.

ಜೋಡುಕರೆಯ ನೀರು

ಮಿಯಾರಿನ ಕಂಬಳಕ್ಕೆ ‘ಲವ-ಕುಶ’ ಜೋಡುಕರೆ ಎಂದು ಹೆಸರು. ತುಳುನಾಡಿನಲ್ಲಿ ಕೋಣಗಳು ಓಡುವ ಕೆಸರಿನ ಹಾದಿಗೆ ‘ಕರೆ’ ಎನ್ನುತ್ತಾರೆ. ಒಂದರ ಮಗ್ಗುಲಲ್ಲಿ ಇನ್ನೊಂದು ಕರೆಯಿದ್ದರೆ ಅದು ಜೋಡುಕರೆ. ಜೋಡಿ ಎಂದ ಮೇಲೆ ಜೋಡಿ ಹೆಸರೂ ಬೇಕಷ್ಟೆ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ, ವೇಣೂರಿನಲ್ಲಿ ಸೂರ್ಯ-ಚಂದ್ರ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ. ತುಳು ಪಾಡ್ದನಗಳ ಅವಳಿ ವೀರರೂ ಪುರಾಣದ ಸೋದರರೂ ಆಕಾಶದ ಜ್ಯೋತಿಗಳೂ ಹೀಗೆ ಕೆಸರಿನ ಕರೆಗಳಿಗೆ ಇಳಿದು ಬಂದಿದ್ದಾರೆ.

ನವೆಂಬರಿನಿಂದ ಬೇಸಗೆಯ ಮೊದಲವರೆಗೆ ವಾರಕ್ಕೊಂದು ಊರಿನಂತೆ ಕಂಬಳ ಸುತ್ತುತ್ತದೆ. ಶನಿವಾರ ಮೊದಲಾದರೆ ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿ ನಡೆದು ಭಾನುವಾರಕ್ಕೆ ಮುಗಿಯುವುದುಂಟು. ಕರೆಯ ಉದ್ದ ಒಂದೊಂದು ಊರಿನಲ್ಲಿ ಒಂದೊಂದು ಬಗೆ. ದೊಡ್ಡ ಕರೆಗಳು 140 ಮೀಟರನ್ನು ಮೀರುತ್ತವೆ. ಕೋಣಗಳನ್ನು ಬಿಡುವ ತುದಿಗೆ ‘ಗಂತು’ ಎಂದೂ ಅವು ಬಂದು ಮುಟ್ಟುವ ತುದಿಗೆ ‘ಮಂಜೊಟ್ಟಿ’ ಎಂದೂ ಹೆಸರು. ಮಂಜೊಟ್ಟಿಯ ಕಡೆಗೆ ನೆಲ ಏರಿಕೊಂಡಿರುತ್ತದೆ. ಮೈಮರೆತು ನುಗ್ಗಿ ಬರುವ ಕೋಣಗಳ ವೇಗ ಆ ಏರಿನಲ್ಲಿ ಕರಗಬೇಕು.

ಸ್ಪರ್ಧೆಯಲ್ಲಿ ಆರು ಬಗೆ. ನೇಗಿಲು ಹಿರಿಯ, ನೇಗಿಲು ಕಿರಿಯ, ಹಗ್ಗ ಹಿರಿಯ, ಹಗ್ಗ ಕಿರಿಯ, ಅಡ್ಡ ಹಲಗೆ, ಕನೆ ಹಲಗೆ. ಹಿರಿದು ಕಿರಿದೆಂಬುದು ಕೋಣಗಳ ಪ್ರಾಯಕ್ಕೆ ಸಂಬಂಧಿಸಿದ್ದು, ಓಡುವವನ ಪ್ರಾಯಕ್ಕಲ್ಲ. ನೇಗಿಲಿನ ಓಟದಲ್ಲಿ ಹಗುರವಾದ ಮರದ ನೇಗಿಲನ್ನು ನೊಗಕ್ಕೆ ಕಟ್ಟಿರುತ್ತಾರೆ. ಹಗ್ಗದ ಓಟದಲ್ಲಿ ನೊಗದಿಂದ ಬಂದ ಹಗ್ಗದ ತುದಿಯೊಂದೇ ಓಟಗಾರನ ಆಸರೆ. ಅಡ್ಡ ಹಲಗೆಯಲ್ಲಿ ಅವನು ಕೆಸರಿನ ಮೇಲೆ ಜಾರುವ ಹಲಗೆಯನ್ನೇರಿ ಸಾಗುತ್ತಾನೆ. ಕನೆ ಹಲಗೆಯದು ಬೇರೆಯೇ ಬೆಡಗು. ಅದರಲ್ಲಿ ವೇಗಕ್ಕೆ ಬಹುಮಾನವಿಲ್ಲ. ದಪ್ಪನೆಯ ಮರದ ತುಂಡಿಗೆ ತೂತುಗಳನ್ನು ಕೊರೆದಿರುತ್ತಾರೆ. ಓಟಗಾರನ ಭಾರ ಅದರ ಮೇಲೆ ಬಿದ್ದು ಕೋಣಗಳು ಎಳೆದಾಗ ನೀರು ಆ ತೂತುಗಳಿಂದ ಕಾರಂಜಿಯಂತೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ಆ ನೀರು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರವನ್ನು ಎಣಿಸುತ್ತಾರೆ. ಭಾರವೆಲ್ಲ ಮುಂದಕ್ಕೆ ಹೋದರೆ ನೀರು ಏಳದು. ಹಿಂದಕ್ಕೆ ಹೋದರೆ ಮನುಷ್ಯನೇ ನೀರಿಗೆ ಬೀಳುತ್ತಾನೆ.

ಸವಾರಿಯಿಲ್ಲದ ಸವಾರ

ಇಂಗ್ಲಿಷ್ ಪತ್ರಿಕೆಗಳು ಕಂಬಳದ ಓಟಗಾರನನ್ನು ‘ಜಾಕಿ’ ಎಂದು ಕರೆದವು. ಕನ್ನಡ ಪತ್ರಿಕೆಗಳೂ ಆ ಹೆಸರನ್ನು ಬಳಸುವುದುಂಟು. ಬೆಂಗಳೂರು, ಮೈಸೂರುಗಳ ಕುದುರೆ ಪಂದ್ಯವನ್ನು ಬಲ್ಲವರಿಗೆ ಈ ಹೆಸರಿನ ಕೊರತೆ ಕೂಡಲೇ ಹೊಳೆಯುತ್ತದೆ. ಕುದುರೆಯ ಜಾಕಿಗೆ ಜೀನು ಉಂಟು, ರಿಕಾಬು ಉಂಟು, ಪ್ರಾಣಿಯ ಬಾಯಿಗೆ ಕಟ್ಟಿದ ಲಗಾಮು ಉಂಟು. ಅವನು ತನ್ನ ಮೈತೂಕವನ್ನು ಕರಗಿಸಿ ಕುದುರೆಯ ಮೇಲೆ ಹಗುರಾಗಬೇಕು. ಕಂಬಳದ ಓಟಗಾರನಿಗೆ ಹಗ್ಗ, ನೇಗಿಲಿನ ಓಟಗಳಲ್ಲಿ ಏರಲು ಏನೂ ಇಲ್ಲ. ಅವನಿಗಿಂತ ಎಷ್ಟೋ ಪಾಲು ಭಾರವಾದ ಎರಡು ಪ್ರಾಣಿಗಳು ಮುಂದೆ; ಅವುಗಳ ಗೊರಸು ಚಿಮ್ಮಿಸುವ ಕೆಸರು ಕಣ್ಣಿಗೆ; ಕಾಲಕೆಳಗೆ ಹಿಡಿತವಿಲ್ಲದ ನೆಲ. ಅವನು ಅವುಗಳೊಡನೆ ಓಡಬೇಕು, ಅವುಗಳಿಂದ ಎಳೆಯಿಸಿಕೊಳ್ಳಲೂ ಬೇಕು. ಎಳೆತವನ್ನು ಎದುರಿಸಿದರೆ ಕೋಣಗಳ ವೇಗ ಕುಂದುತ್ತದೆ. ಎಳೆತಕ್ಕೆ ಪೂರ್ತಿಯಾಗಿ ಒಪ್ಪಿಸಿಕೊಂಡರೆ ಮುಗ್ಗರಿಸುತ್ತಾನೆ. ಈ ಎರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ. ಓಟಗಾರನ ವಿದ್ಯೆಯೆಲ್ಲ ಆ ಜಾಗದಲ್ಲಿ ನಿಲ್ಲುವುದರಲ್ಲಿಯೇ ಅಡಗಿದೆ.

ಈ ವಿದ್ಯೆಗೆ ಹಿಂದೆ ಗುರುವೆಂಬವನು ಇರಲಿಲ್ಲ. ಗದ್ದೆ ಉಳುವ ಮನೆಯ ಹುಡುಗ, ಕೋಣಗಳನ್ನು ಕೆರೆಗೆ ಹೊಡೆದುಕೊಂಡು ಹೋಗುತ್ತ, ಅವುಗಳ ಮೈಯುಜ್ಜುತ್ತ ಬೆಳೆಯುತ್ತಿದ್ದ. ಒಂದು ದಿನ ಹಿರಿಯನೊಬ್ಬ ಹಗ್ಗವನ್ನು ಅವನ ಕೈಗೆ ಕೊಡುತ್ತಿದ್ದ. ಬಿದ್ದರೆ ಕಲಿತ, ಬೀಳದಿದ್ದರೂ ಕಲಿತ. ಕೋಣಗಳ ಯಜಮಾನ ಅವನ ಹೆಸರನ್ನು ಕೇಳಿ ಕರೆಸಿಕೊಂಡರೆ ಅವನು ಓಟಗಾರನಾದನೆಂದು ಅರ್ಥ. ಗೆದ್ದಾಗ ಬರುವ ಚಿನ್ನದ ಪವನು ಯಜಮಾನನದು. ಓಟಗಾರನಿಗೆ ಅವರಿಬ್ಬರ ನಡುವೆ ಮಾತಾದ ಸಂಭಾವನೆ. ಹೆಸರನ್ನು ಕೂಗುವಾಗಲೂ ಮೊದಲು ಕೋಣಗಳ ಮನೆತನ, ಆಮೇಲೆ ಓಡಿಸಿದವನು.

ಕಂಬಳ ವರ್ಷವಿಡೀ ನಡೆಯುವುದಲ್ಲ. ಮಳೆಗಾಲದಲ್ಲಿ ಓಟಗಾರ ಮತ್ತೆ ಗದ್ದೆಯ ಕೂಲಿಯೋ, ಕಟ್ಟಡದ ಕೆಲಸದವನೋ, ತೋಟದ ಆಳೋ ಆಗಬೇಕು. ಓಟದ ಪ್ರಾಯವಂತೂ ಬಹಳ ಕಿರಿದು. ಕಣಕಾಲು ಉಳುಕಿತು, ಮೊಣಕಾಲು ನೋಯತೊಡಗಿತು, ಗಂತಿನಲ್ಲಿ ನಿಂತಾಗ ಎದೆಯ ಬಡಿತ ಮೊದಲಿನಂತೆ ಹಿಡಿತಕ್ಕೆ ಬರಲಿಲ್ಲ—ಅಷ್ಟಾದರೆ ಅವನು ಬದಿಗೆ ಸರಿಯಬೇಕಾದದ್ದೇ. ಕೋಣಕ್ಕೆ ಮುಪ್ಪು ಬಂದರೆ ಸಾಕುವ ಯಜಮಾನನುಂಟು. ಓಟಗಾರನ ಮುಪ್ಪಿಗೆ ಯಜಮಾನನಾರು? ಬಹುಕಾಲ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬದಿಗೆ ಸರಿದವನು ಮಂಜೊಟ್ಟಿಯಲ್ಲಿ ಕೋಣ ಹಿಡಿಯುವವನಾಗಿಯೋ, ಗಂತಿನಲ್ಲಿ ಬಿಡುವವರ ಜೊತೆಗಾರನಾಗಿಯೋ ಉಳಿಯುತ್ತಿದ್ದ. ಇಲ್ಲವೇ ಜನಸಂದಣಿಯಲ್ಲಿ ಒಬ್ಬನಾಗಿ ಬಿಡುತ್ತಿದ್ದ. ಅವನ ಮೈ ಬಲ್ಲ ವಿದ್ಯೆ ಅವನೊಡನೆಯೇ ಅಳಿಯುತ್ತಿತ್ತು.

ಶಾಲೆ ಹುಟ್ಟಿತು

ಈ ನಷ್ಟವನ್ನು ಗಮನಿಸಿದವರಲ್ಲಿ ಮೂಡುಬಿದಿರೆಯ ಪ್ರೊ. ಕೆ. ಗುಣಪಾಲ ಕಡಂಬರು ಮುಖ್ಯರು. ಅವರ ಮುಂದಾಳುತನದಲ್ಲಿ 2011ರಲ್ಲಿ ಕಂಬಳ ಅಕಾಡೆಮಿ ಆರಂಭವಾಯಿತು. ಕಂಬಳವನ್ನು ಉಳಿಸುವುದು, ಅದರ ನಿರ್ವಹಣೆಯನ್ನು ಕ್ರಮಪಡಿಸುವುದು, ಹೊಸಬರಿಗೆ ತರಬೇತಿ ಕೊಡುವುದು—ಈ ಮೂರು ಅದರ ಗುರಿ. ಮಿಯಾರಿನ ಕರೆ ಅದರ ತರಗತಿಯಾಯಿತು. ಕಪ್ಪುಹಲಗೆಯಿಲ್ಲದ, ಗೋಡೆಯಿಲ್ಲದ, ಕಾಲಿಗೆ ಚಪ್ಪಲಿಯೂ ಬೇಡದ ತರಗತಿ.

ಓಟವೆಂದರೆ ಹುಟ್ಟುಗುಣ, ಕಲಿಸಿದರೆ ಬರುವುದಲ್ಲ ಎಂಬ ನಂಬಿಕೆಯನ್ನು ಇಂಥ ಶಾಲೆ ಮೊದಲು ಎದುರಿಸಬೇಕು. ತಲೆಮಾರುಗಳಿಂದ ನಡೆದುಬಂದ ಹಬ್ಬಕ್ಕೆ ಶಿಬಿರವೇಕೆ, ಪಾಠಪಟ್ಟಿಯೇಕೆ ಎಂದು ಯಾರಿಗಾದರೂ ತೋರುವುದು ಸಹಜವೇ. ಆದರೆ ಹಿಂದೆ ಕಲಿಸುತ್ತಿದ್ದುದು ಗದ್ದೆ. ಆ ಗದ್ದೆಯೇ ಈಗ ಕಡಿಮೆಯಾಗಿತ್ತು. ಉಳುಮೆಗೆ ಯಂತ್ರ ಬಂದಿತ್ತು. ಭತ್ತದ ಬಯಲುಗಳು ತೋಟಗಳಾಗಿದ್ದವು, ಮನೆಯ ನಿವೇಶನಗಳಾಗಿದ್ದವು. ಕೋಣದ ಬೆನ್ನಿಗೆ ಬಿದ್ದು ಬೆಳೆದ ಹುಡುಗರು ಎಲ್ಲಿಂದ ಬರಬೇಕು? ತಂದೆ ಕಲಿಸದ್ದನ್ನು, ಗದ್ದೆ ಕಲಿಸದ್ದನ್ನು ಇನ್ನು ಶಾಲೆಯೇ ಕಲಿಸಬೇಕಾಯಿತು.

ಶಿಬಿರದ ಕಲಿಕೆ ಓಟದಿಂದ ಮೊದಲಾಗುವುದಿಲ್ಲ. ಮೈ ಪಳಗಿಸುವ ವ್ಯಾಯಾಮ, ಉಸಿರು ನಿಲ್ಲಿಸಿ ಬಿಡುವ ಯೋಗಾಭ್ಯಾಸ, ಗಟ್ಟಿನೆಲದ ಮೇಲಿನ ಓಟ ಇವು ಪೂರ್ವಪೀಠಿಕೆ. ಅನಂತರ ಕೋಣದ ಪರಿಚಯ. ಕೋಣವನ್ನು ಹೇಗೆ ಸಮೀಪಿಸಬೇಕು, ಯಾವ ಮಗ್ಗುಲಿನಲ್ಲಿ ನಿಲ್ಲಬೇಕು, ಅದರ ಕಿವಿ ಹಿಂದಕ್ಕೆ ಬಾಗಿದರೆ ಏನರ್ಥ, ಓಟ ಮುಗಿದ ಮೇಲೆ ಮೈಗೆ ನೀರು ಹೇಗೆ ಹಾಕಬೇಕು—ಇವೆಲ್ಲ ಕಲಿಯಬೇಕಾದ ಸಂಗತಿಗಳು. ಹುರುಳಿಯ ಆರೈಕೆ, ಎಣ್ಣೆಯ ತಿಕ್ಕು, ಕೊಟ್ಟಿಗೆಯ ಶುಚಿ ಇವನ್ನು ತಿಳಿಯದವನು ಕೋಣವನ್ನು ತಿಳಿದವನಾಗಲಾರ. ನೊಗ, ಹಗ್ಗ, ಹಲಗೆಗಳನ್ನು ಅಣಿಗೊಳಿಸುವ ಕೈಕೆಲಸವೂ ಪಾಠದಲ್ಲಿ ಸೇರಿದೆ. ನೊಗ ಒಂದು ಬೆರಳಿನಷ್ಟು ಓರೆಯಾದರೂ ಒಂದು ಕೋಣದ ಹೆಗಲು ನೋಯುತ್ತದೆ. ನೊಂದ ಕೋಣ ಕರೆಯನ್ನು ಬಿಟ್ಟು ಬದಿಗೆ ಸರಿಯುತ್ತದೆ.

ಇಷ್ಟನ್ನು ಕಲಿಸುವವರು ಯಾರು? ಇಲ್ಲಿಯೇ ಬದಿಗೆ ಸರಿದ ಓಟಗಾರನಿಗೆ ಮತ್ತೆ ಕರೆ ಬಂತು. ಕೋಣಗಳ ಯಜಮಾನರು, ತೀರ್ಪುಗಾರರು, ವ್ಯಾಯಾಮ ಬಲ್ಲವರು ಇವರ ಸಾಲಿನಲ್ಲಿ ಅನುಭವಿಯಾದ ಓಟಗಾರನೂ ಗುರುವಾಗಿ ನಿಲ್ಲುತ್ತಾನೆ. ಅವನಿಗೆ ಪುಸ್ತಕದ ಮಾತು ಬಾರದು. ಬಿದ್ದ ಹುಡುಗನನ್ನು ಎತ್ತಿ ನಿಲ್ಲಿಸಿ, ಅವನ ಮೊಣಕಾಲನ್ನು ಕೈಯಿಂದಲೇ ತುಸು ಬಾಗಿಸಿ, ಸೊಂಟವನ್ನು ಹಿಂದಕ್ಕೆ ಒತ್ತಿ, ಹಗ್ಗ ಹಿಡಿದ ತೋಳನ್ನು ಸಡಿಲಗೊಳಿಸಿ ತೋರಿಸುತ್ತಾನೆ. ಅವನು ಹೇಳಲಾರದ್ದನ್ನು ಅವನ ಕೈ ಹೇಳುತ್ತದೆ. ಕೋಣವನ್ನು ಓಡಿಸುವುದಲ್ಲ, ಕೋಣದ ಸಂಗಡ ಓಡುವುದು—ಪಾಠದ ತಿರುಳು ಇಷ್ಟೇ. ಆದರೆ ಇಷ್ಟನ್ನು ತಿಳಿಯಲು ಅವನಿಗೆ ಅರ್ಧ ಆಯುಷ್ಯ ಬೇಕಾಗಿತ್ತು. ಹುಡುಗರಿಗೆ ಶಿಬಿರದ ಕೆಲವು ದಿನಗಳಲ್ಲಿ ಅದರ ಹೊಳಹು ಸಿಗುತ್ತದೆ.

ಕರೆ ಒಣಗಿದ ದಿನಗಳು

ಶಾಲೆ ಬೇರೂರುವ ಮೊದಲೇ ಬಿರುಗಾಳಿ ಬೀಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಪ್ರಾಣಿಗಳ ಓಟದ ಪಂದ್ಯಗಳಿಗೆಲ್ಲ ಸಂಚಕಾರ ತಂದಿತು. 2016ರ ನವೆಂಬರಿನಲ್ಲಿ ಕರ್ನಾಟಕದ ಹೈಕೋರ್ಟಿನ ತಡೆಯಾಜ್ಞೆಯಿಂದ ಕಂಬಳ ನಿಂತಿತು. ಋತು ಬಂದರೂ ಕರೆಗಳಿಗೆ ನೀರು ಬರಲಿಲ್ಲ. ಮುಂದಿನ ವರ್ಷ ತಮಿಳುನಾಡಿನಲ್ಲಿ ಜಲ್ಲಿಕಟ್ಟಿಗಾಗಿ ಜನ ಎದ್ದಂತೆ ಕರಾವಳಿಯಲ್ಲಿಯೂ ಜನ ಬೀದಿಗಿಳಿದರು. 2017ರ ಜುಲೈಯಲ್ಲಿ ರಾಜ್ಯವು ಸುಗ್ರೀವಾಜ್ಞೆಯನ್ನು ಹೊರಡಿಸಿತು. 2018ರಲ್ಲಿ ತಿದ್ದುಪಡಿ ಕಾಯಿದೆಗೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಆ ಕಾಯಿದೆಯೂ ಪ್ರಶ್ನೆಗೊಳಗಾಗಿ, ಕಡೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ತುಳುನಾಡು ಈ ಗೆಲುವನ್ನು ಸಂಭ್ರಮಿಸಿತು. ಆದರೆ ಕಾಯಿದೆಯಲ್ಲಿ ಒಂದು ಷರತ್ತಿದೆ: ಪ್ರಾಣಿಗೆ ಅನಾವಶ್ಯಕ ನೋವಾಗಲಿ ಯಾತನೆಯಾಗಲಿ ಆಗಕೂಡದು. ಮಾತು ಚಿಕ್ಕದು; ಅದರ ಭಾರ ದೊಡ್ಡದು. ನ್ಯಾಯಾಲಯದಲ್ಲಿ ಕಂಬಳದ ಮೇಲಿದ್ದ ಮುಖ್ಯ ದೂರು ಬೆತ್ತದ ಹೊಡೆತವೇ ಆಗಿತ್ತು. ದೂರು ಕೊಟ್ಟವರೆಲ್ಲ ಕಂಬಳವನ್ನರಿಯದ ಪಟ್ಟಣಿಗರೆಂದು ತಳ್ಳಿಹಾಕುವುದು ಸುಲಭ. ಬೆನ್ನ ಮೇಲೆ ಬರೆ ಮೂಡಿದ ಕೋಣಗಳನ್ನು ಕರಾವಳಿಯ ಜನವೂ ಕಂಡಿರಲಿಲ್ಲವೆಂದು ಹೇಳುವುದು ಮಾತ್ರ ಕಷ್ಟ.

ಹೀಗಾಗಿ ಹಳೆಯ ಓಟಗಾರನ ಪಾಲಿಗೆ ವಿಚಿತ್ರವಾದ ಹೊಣೆಯೊಂದು ಬಂದಿತು. ಅವನು ಬೆತ್ತವೆತ್ತಿಯೇ ಕಲಿತವನು. ಈಗ ಬೆತ್ತವನ್ನು ನಂಬದೆ ಓಡುವುದನ್ನು ಅವನು ಕಲಿಸಬೇಕು. ತನಗೆ ಬಂದ ವಿದ್ಯೆಯಲ್ಲಿ ಯಾವುದು ಸಾರ, ಯಾವುದು ಬರಿಯ ರೂಢಿ ಎಂದು ಸೋಸಿ ನೋಡಬೇಕು. ಕೋಣ ಓಡುವುದು ನೋವಿಗಷ್ಟೇ ಅಲ್ಲ. ಪಕ್ಕದ ಕೋಣದ ಹೆಜ್ಜೆಗೆ, ಬೆನ್ನ ಹಿಂದಿನ ದನಿಗೆ, ಪರಿಚಿತವಾದ ಕೈಗೆ. ದಿನಾಲೂ ಮೈಯುಜ್ಜಿದ ಕೈಯನ್ನು ಅದು ಗುರುತಿಸುತ್ತದೆ. ಹಾಗಿದ್ದ ಮೇಲೆ ಗಂತಿನಲ್ಲಿ ನಿಂತ ಕ್ಷಣದ ಪೆಟ್ಟಿಗಿಂತ ಆರು ತಿಂಗಳ ಆರೈಕೆಯೇ ದೊಡ್ಡ ಪ್ರೇರಣೆ. ಇದನ್ನು ಹುಡುಗರಿಗೆ ಮನಗಾಣಿಸುವುದೇ ಇಂದಿನ ಗುರುವಿನ ಪರೀಕ್ಷೆ. ಕಂಬಳದ ಉಳಿವು ಈಗ ನಿಂತಿರುವುದು ನ್ಯಾಯಾಲಯದ ತೀರ್ಪಿನ ಮೇಲೆ ಮಾತ್ರವಲ್ಲ, ಕರೆಗಿಳಿಯುವ ಒಬ್ಬೊಬ್ಬ ಹುಡುಗನ ಕೈಯ ಸಂಯಮದ ಮೇಲೆ.

ಕಂಬಳ ಹಿಂದೆಯೂ ಇಂಥ ಪಾಠಗಳನ್ನು ಕಲಿಯಬೇಕಾಗಿ ಬಂದಿತ್ತು. ಒಂದು ಕಾಲದಲ್ಲಿ ಅದರ ಹಿಂದಿನ ರಾತ್ರಿ ಕೊರಗ ಜನಾಂಗದವರನ್ನು ಕರೆಯ ಬಳಿ ಮಂಜಿನಲ್ಲಿ ಕೂರಿಸುವ ‘ಪನಿಕುಲ್ಲುನು’ ಎಂಬ ಪದ್ಧತಿ ಇತ್ತು. ಕೋಣಗಳಿಗಿಂತ ಮೊದಲು ಅವರನ್ನು ಕೆಸರಿನಲ್ಲಿ ಓಡಿಸುವುದೂ ಇತ್ತು. ಹಬ್ಬದ ವೈಭವವನ್ನು ಬಣ್ಣಿಸುವವರು ಇದನ್ನು ಮರೆಮಾಚಬಾರದು. ಕೊರಗರನ್ನು ಹೀಗೆ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಕಾಯಿದೆಯಿಂದ ನಿಷೇಧಿಸಿತು. ಆ ಪದ್ಧತಿ ಹೋದರೆ ಕಂಬಳದ ದೈವಿಕತೆ ಹೋಯಿತೆಂದು ಅಂಜಿದವರೂ ಇದ್ದಿರಬಹುದು. ಕಂಬಳ ಹೋಗಲಿಲ್ಲ, ಅದರ ಒಂದು ಕಳಂಕ ಹೋಯಿತು. ಹೊಡೆತದ ವಿಷಯದಲ್ಲಿಯೂ ಹಾಗೆಯೇ ಆದೀತೆಂದು ನಂಬಲು ಇದೊಂದು ನಿದರ್ಶನ.

ಗಡಿಯಾರ ಹಿಡಿದ ಜಗತ್ತು

ಮಿಯಾರಿನ ಶಾಲೆಯ ಹೆಸರು ದೇಶಾಂತರಕ್ಕೆ ಹಬ್ಬಿದ್ದು ಅದರ ಮೊದಲ ತಂಡದ ವಿದ್ಯಾರ್ಥಿಯೊಬ್ಬನಿಂದ. ಮೂಡುಬಿದಿರೆಯ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕಟ್ಟಡದ ಕೆಲಸ ಮಾಡಿ ಜೀವಿಸುತ್ತಿದ್ದ ಯುವಕರು. 2020ರ ಫೆಬ್ರವರಿ 1ರಂದು ಐಕಳದ ಕರೆಯಲ್ಲ��� ಅವರು ಓಡಿಸಿದ ಜೋಡಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿತೆಂದು ದಾಖಲಾಯಿತು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಸೆಕೆಂಡು ಎಂದರು. 2009ರಲ್ಲಿ ಬರ್ಲಿನ್ನಿನಲ್ಲಿ ಜಮೈಕದ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ಓಡಿ ಸ್ಥಾಪಿಸಿದ ವಿಶ್ವದಾಖಲೆ ಎಲ್ಲರಿಗೂ ನೆನಪಾಯಿತು. ಕೆಲವೇ ದಿನಗಳಲ್ಲಿ ಶ್ರೀನಿವಾಸ ಗೌಡರ ಭಾವಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಟ್ಟಿ ಅದನ್ನೂ ಹಿಂದಿಕ್ಕಿದರು.

ಕೇಂದ್ರದ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಶ್ರೀನಿವಾಸ ಗೌಡರನ್ನು ಓಟದ ಪರೀಕ್ಷೆಗೆ ಕರೆಸುವುದಾಗಿ ಹೇಳಿದರು. ಇಂಥ ಕರೆ ಬಂದರೆ ಯಾರು ತಾನೆ ಬೇಡವೆಂದಾರು? ಶ್ರೀನಿವಾಸ ಗೌಡರು ವಿನಯದಿಂದಲೇ ಬೇಡವೆಂದರು. ಕೆಸರಿನ ಓಟಕ್ಕೂ ಮೈದಾನದ ಓಟಕ್ಕೂ ವ್ಯತ್ಯಾಸವಿದೆ ಎಂಬುದು ಅವರ ವಿವರಣೆ. ಕಂಬಳದಲ್ಲಿ ಹಿಮ್ಮಡಿಯೂರಿ ಓಡಬೇಕು, ಮೈದಾನದಲ್ಲಿ ಕಾಲ್ಬೆರಳ ಮೇಲೆ. ಜೊತೆಗೆ ಕಂಬಳದಲ್ಲಿ ಕೋಣಗಳ ಪಾಲೂ ಇದೆ, ಓಟ ಓಡುವವನೊಬ್ಬನದಲ್ಲ.

ಈ ಉತ್ತರದಲ್ಲಿ ಶಾಲೆಯ ಪಾಠ ಎಷ್ಟು ಚೆನ್ನಾಗಿ ಮೈಗೂಡಿದೆಯೆಂಬುದನ್ನು ಗಮನಿಸಬೇಕು. ಭಾಗಾಕಾರ ಮಾಡಿದವರು ಕೋಣಗಳನ್ನು ಲೆಕ್ಕದಿಂದ ಬಿಟ್ಟಿದ್ದರು. ಓಡಿದವರು ಬಿಡಲಿಲ್ಲ. ಹಗ್ಗದ ತುದಿಯಲ್ಲಿ ಎಳೆಯಿಸಿಕೊಂಡು ಮುಂದುವರಿಯುವವನ ವೇಗವನ್ನು ತನ್ನ ಕಾಲಿನ ಬಲದಿಂದಲೇ ಓಡುವವನ ವೇಗದೊಡನೆ ತೂಗುವುದು ಒಂದೇ ತಕ್ಕಡಿಯಲ್ಲಿ ನೀರನ್ನೂ ನೆರಳನ್ನೂ ಇಟ್ಟಂತೆ. ಈ ದಾಖಲೆಗಳ ಬಗೆಗೆ ಮುಂದೆ ವಾದವಿವಾದಗಳೂ ನಡೆದವು. ಕರೆಯ ತುದಿಯಲ್ಲಿ ಲೇಸರ್ ಕಿರಣದ ಗಡಿಯಾರಗಳು ಬಂದ ಮೇಲೆಯೂ ಕೆಸರಿನ ಓಟವನ್ನು ಸೆಕೆಂಡಿನ ನೂರನೆಯ ಪಾಲಿನಲ್ಲಿ ಹಿಡಿದಿಡುವ ಚರ್ಚೆ ಮುಗಿದಿಲ್ಲ. ಕಂಬಳಕ್ಕೆ ಕೀರ್ತಿ ಬಂದದ್ದು ಗಡಿಯಾರದಿಂದಾದರೂ ಅದರ ಬೆಲೆ ಗಡಿಯಾರದಲ್ಲಿಲ್ಲ.

ಆದರೂ ಆ ಕೀರ್ತಿಯಿಂದ ಒಂದು ಉಪಕಾರವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ನೀರಿನ ತೆರೆಯ ಹಿಂದೆ ಮರೆಯಾಗಿದ್ದ ಮುಖ ಮೊದಲ ಬಾರಿಗೆ ಕಾಣಿಸಿತು. ಕೋಣದ ಮನೆತನದ ಹೆಸರಿನ ಜೊತೆಗೆ ಓಡಿದವನ ಹೆಸರನ್ನೂ ಜನ ಕೇಳತೊಡಗಿದರು. ರಾಜ್ಯ ಸರಕಾರ ಶ್ರೀನಿವಾಸ ಗೌಡರನ್ನು ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿಗಳನ್ನಿತ್ತು ಸನ್ಮಾನಿಸಿತು. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕರೆ ತೋಡಿ ಕಂಬಳ ನಡೆಸಿದಾಗ, ರಾಜಧಾನಿಯ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಸರಿನ ಓಟವನ್ನು ಕಂಡರು. ಪಟ್ಟಣದಲ್ಲಿ ಕರೆಯನ್ನು ತೋಡಬಹುದು, ನೀರು ತುಂಬಬಹುದು, ಕೋಣಗಳನ್ನು ಲಾರಿಯಲ್ಲಿ ತರಬಹುದು. ಆದರೆ ಓಟಗಾರನನ್ನು ಎರಡು ದಿನಗಳಲ್ಲಿ ತೋಡಿ ತೆಗೆಯಲಾಗದು. ಅವನು ಮಿಯಾರಿನಂಥ ಕಡೆಯಲ್ಲಿ ಬಿದ್ದೆದ್ದೇ ಬೆಳೆಯಬೇಕು.

ಮಂಜೊಟ್ಟಿಯಲ್ಲಿ

ಕಂಬಳವನ್ನು ನೋಡಲು ಹೋದವರು ಸಾಮಾನ್ಯವಾಗಿ ಕರೆಯ ನಡುಭಾಗದಲ್ಲಿ ಜಾಗ ಹಿಡಿಯುತ್ತಾರೆ. ನೀರು ಎತ್ತರಕ್ಕೆ ಏಳುವುದು ಅಲ್ಲಿ. ಚಿತ್ರಗಾರರು ಕಾದಿರುವುದೂ ಅಲ್ಲಿ. ಆದರೆ ಒಮ್ಮೆಯಾದರೂ ಮಂಜೊಟ್ಟಿಯ ಬಳಿ ನಿಂತು ನೋಡಬೇಕು. ನಡುರಾತ್ರಿ ಕಳೆದಿರುತ್ತದೆ. ದೀಪಗಳ ಬೆಳಕಿನಲ್ಲಿ ಮಂಜು ಹೊಗೆಯಂತೆ ತೇಲುತ್ತಿರುತ್ತದೆ. ಗಂತಿನ ಕಡೆಯಿಂದ ಕೂಗು ಕೇಳುತ್ತದೆ, ಮರುಕ್ಷಣದಲ್ಲಿ ನೀರಿನ ಸದ್ದು, ಅದರ ಬೆನ್ನಿಗೆ ನೆಲದ ನಡುಕ. ಎರಡು ಕಪ್ಪು ಬಂಡೆಗಳು ಉರುಳಿ ಬಂದಂತೆ ಕೋಣಗಳು ಏರನ್ನು ಹತ್ತುತ್ತವೆ.

ಅವುಗಳನ್ನು ಹಿಡಿಯಲು ಅಲ್ಲಿ ನಾಲ್ಕಾರು ಮಂದಿ ನಿಂತಿರುತ್ತಾರೆ. ಅವರಲ್ಲಿ ಪ್ರಾಯ ಸಂದವರೊಬ್ಬರು ಇದ್ದೇ ಇರುತ್ತಾರೆ. ಅವರು ಅವಸರಪಡುವುದಿಲ್ಲ. ಎದುರಿಗೆ ನಿಲ್ಲದೆ ತುಸು ಬದಿಗೆ ಸರಿದು, ಕೋಣ ಹಾದುಬರುವ ಗಳಿಗೆಯಲ್ಲಿ ಕೈಚಾಚಿ, ಅದರ ಕೊರಳ ಮೇಲೆ ಅಂಗೈಯನ್ನಿಡುತ್ತಾರೆ. ಏದುಸಿರು ಬಿಡುತ್ತಿರುವ ಆ ಭಾರಿ ಮೈ ಅಂಗೈಯ ಸ್ಪರ್ಶಕ್ಕೆ ನಿಧಾನವಾಗಿ ಶಾಂತವಾಗುತ್ತದೆ. ಗೆದ್ದಿತೋ ಸೋತಿತೋ ಎಂದು ಜನ ಕೂಗುತ್ತಿರುವಾಗ ಅವರ ಕಣ್ಣು ಮಾತ್ರ ಕೋಣದ ಬೆನ್ನಿನ ಮೇಲಿರುತ್ತದೆ. ಅಲ್ಲಿ ಬರೆಯಿದೆಯೇ ಇಲ್ಲವೇ ಎಂದು ಅವರು ನೋಡುತ್ತಾರೆ. ಆಮೇಲೆ ಹಿಂದಿರುಗಿ, ಕೆಸರಿನಲ್ಲಿ ಮಿಂದು ಮೆಲ್ಲನೆ ಬರುತ್ತಿರುವ ಹುಡುಗನ ಕಡೆಗೆ ದೃಷ್ಟಿ ಹಾಯಿಸುತ್ತಾರೆ.

ಆ ಹುಡುಗನಿಗೆ ತೀರ್ಪುಗಾರರ ಘೋಷಣೆ ಇನ್ನೂ ಕೇಳಿರುವುದಿಲ್ಲ. ಗುರುವಿನ ದೃಷ್ಟಿಯಲ್ಲಿಯೇ ಅವನು ತನ್ನ ಫಲಿತಾಂಶವನ್ನು ಓದಿಕೊಳ್ಳುತ್ತಾನೆ.